ತಾನೇ ಇಳಿಯುವ ಮುಚ್ಚಳ

ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾವಿಬ್ಬರೂ ಕ್ಷೇಮ. ನೀನು ಕೇಳಿ ಮೂರು ವಾರವಾಯಿತು, ಇವತ್ತು ಉತ್ತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಹೊರಟರೆ ಅರ್ಧ ಹೇಳಿ ಅರ್ಧ ನುಂಗುತ್ತೇನೆ ಎಂದು ನನಗೇ ಗೊತ್ತು. ಅದಕ್ಕೆ ರಜೆಯ ದಿನವಾದರೂ ಕಾರ್ಖಾನೆಗೆ ಬಂದು, ರಟ್ಟು ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿಕೊಂಡಿದ್ದೇನೆ.

ನಿನ್ನ ಆಫೀಸಿನ ಗೆಳತಿಯೂ ತಾನೇ ಒಂದು ಆಟ ಮಾಡಿ, ನಮ್ಮ ಹಾಗೆಯೇ ಜನರಿಂದ ಮುಂಗಡ ಕೂಡಿಸಿ ಅಚ್ಚು ಹಾಕಿಸಬೇಕೆಂದಿದ್ದಾಳೆ, "ನಿಮ್ಮಪ್ಪ ಏನು ಕಲಿತರು ಕೇಳು" ಅಂದಳು ಎಂದೆಯಲ್ಲ. ಮೊದಲ ಪಾಠ ಹೇಳುತ್ತೇನೆ, ಬರೆದುಕೊಳ್ಳಲಿ. ಸಾಮಾನು ನೋಡುವ ಮೊದಲೇ ದುಡ್ಡು ಕೊಟ್ಟವರು ಗಿರಾಕಿಗಳಲ್ಲ, ಬೀಗರು. ಗಿರಾಕಿ ಒಂದು ಸಲ ಜಗಳವಾಡಿ ಹೋಗುತ್ತಾನೆ. ಬೀಗರನ್ನು ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳಬೇಕು, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೇಳಲಿಲ್ಲವೆಂದರೆ ಮುಖ ದಪ್ಪ ಮಾಡಿಕೊಳ್ಳುತ್ತಾರೆ. ನಮಗೆ ಅಂಥ ಬೀಗರು ನಾನೂರ ಹನ್ನೆರಡು ಮಂದಿ.

ಎರಡನೆಯದು, ತೂಕ ಹಾಕದೆ ಅಂಚೆಯ ಖರ್ಚು ಬರೆಯಬಾರದು. ನಮ್ಮ ಡಬ್ಬ ಒಂದು ಕಿಲೋ ಮೇಲೆ ನಲವತ್ತು ಗ್ರಾಂ ತೂಗಿತು. ಆ ನಲವತ್ತು ಗ್ರಾಮಿಗೆ ಅಂಚೆಯವರು ಮುಂದಿನ ದರ ಹಾಕುತ್ತಾರೆ. ಕೊನೆಗೆ ನಿಯಮದ ಪುಸ್ತಕವನ್ನು ನಾಲ್ಕು ಪುಟಕ್ಕೆ ಇಳಿಸಿ, ಚೀಟಿಗಳ ಕಾಗದ ತೆಳುವು ಮಾಡಿ ಬಚಾವಾದೆವು.

ಮೂರನೆಯದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ನಿನ್ನ ಗೆಳತಿಗೆ ಹಿಂದಿನದೇನೂ ಗೊತ್ತಿರಲಾರದು, ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಪಾರ್ಶ್ವವಾಯುವಾಗಿ ಅಮ್ಮನ ಬಲಗೈಯೂ ಅರ್ಧ ಮಾತೂ ಹೋದ ಮೇಲೆ, ವ್ಯಾಯಾಮ ಮಾಡಿಸುವ ಮೇಡಂ ಹಿಸುಕುವುದಕ್ಕೆಂದು ಒಂದು ರಬ್ಬರ್ ಚೆಂಡು ಕೊಟ್ಟರು. ಎರಡನೇ ದಿನ ಅಮ್ಮ ಅದನ್ನು ಕಿಟಕಿಯಿಂದ ಆಚೆ ಎಸೆದಳು. "ಎಸೆಯೋಷ್ಟು ಕೈ ಬಂತಲ್ಲ, ಒಳ್ಳೇದೇ ಆಯ್ತು ಬಿಡಿ" ಅಂದರು ಮೇಡಂ. ಆಮೇಲೆ ನಾನು ಕಾರ್ಖಾನೆಯ ಚೂರು ರಟ್ಟಿನಲ್ಲಿ ಒಂದು ಬೀದಿ ಮಾಡಿದೆ. ಹತ್ತು ಅಂಗಡಿ, ಹೆಬ್ಬೆರಳಿನಷ್ಟು ದಪ್ಪದ ಮರದ ಕಾಯಿಗಳು. ಚೀಟಿ ಎತ್ತಿ, ಅದರಲ್ಲಿರುವ ಸಾಮಾನಿನ ಹೆಸರು ಹೇಳಬೇಕು, ಬಾಯಿಗೆ ಬರದಿದ್ದರೆ ಸನ್ನೆ ಮಾಡಿ ತೋರಿಸಬೇಕು, ಆ ಅಂಗಡಿಯ ಕಡೆಗೆ ಕಾಯಿ ನಡೆಸಬೇಕು. ಬಲವಿಲ್ಲದ ಕೈಯಿಂದ ನಡೆಸಿದರೆ ಎರಡರಷ್ಟು ಮನೆ. ಮೊದಲ ವಾರವೇ ಅಮ್ಮ ನನ್ನನ್ನು ಐದು ಸಲ ಸೋಲಿಸಿದಳು. ಮೇಡಂ ತಮ್ಮಲ್ಲಿಗೆ ಬರುವ ಹದಿನಾರು ಜನರಿಗೆ ಆಡಿಸಿ ನೋಡಿದರು. "ಇದನ್ನ ನಿಮ್ಮ ಮನೇಲೇ ಇಟ್ಕೊಂಡ್ರೆ ಪಾಪ ಸುತ್ತಿಕೊಳ್ಳುತ್ತೆ" ಅಂದರು. ಮುಂಗಡ ಕೂಡಿಸಲು ನೀನು ಅಂತರ್ಜಾಲದಲ್ಲಿ ಪುಟ ತೆರೆದೆ. "ನನ್ನ ಹೆಂಡತಿ ದಿನವೂ ಆಡುವ ಆಟ" ಎಂದು ಅದರ ತಲೆಯ ಮೇಲೆ ಬರೆದವನು ನಾನು.

ಇನ್ನು ಡಬ್ಬದ ವಿಷಯ. ಇಪ್ಪತ್ತಾರು ವರ್ಷ ಚಪ್ಪಲಿಗೆ, ಶರ್ಟಿಗೆ, ಗಡಿಯಾರಕ್ಕೆ ಡಬ್ಬ ಮಾಡಿದವನು ನಾನು. ನಮ್ಮ ಕಸುಬಿನಲ್ಲಿ ಒಳ್ಳೆಯ ಡಬ್ಬಕ್ಕೆ ಇರುವುದು ಒಂದೇ ಪರೀಕ್ಷೆ. ಮುಚ್ಚಳವನ್ನು ಮೇಲಿಟ್ಟು ಕೈ ಬಿಡಬೇಕು. ಒಳಗಿನ ಗಾಳಿಯನ್ನು ಮೆಲ್ಲಗೆ ಹೊರಗೆ ತಳ್ಳುತ್ತ ಅದು ತನ್ನ ಭಾರಕ್ಕೆ ತಾನೇ ಇಳಿದು ಕೂರಬೇಕು. ಧಪ್ಪನೆ ಬಿದ್ದರೆ ಕೆಲಸಗಾರ ಕಳಪೆ. ನಮ್ಮ 'ಹತ್ತು ಅಂಗಡಿ'ಯ ಮುಚ್ಚಳ ಇಳಿಯಲು ಹನ್ನೊಂದು ಸೆಕೆಂಡು ಬೇಕು. ಗಡಿಯಾರ ಹಿಡಿದು ನೋಡಿದ್ದೇನೆ. ಎಲ್ಲಿಗೆ ಆಟ ತೋರಿಸಲು ಹೋದರೂ ಮೊದಲು ಈ ಮುಚ್ಚಳದ ಚಂದ ತೋರಿಸಿ, ಆಮೇಲೆ ನಾನೇ ಎತ್ತಿ ಬದಿಗಿಟ್ಟು, ಹಲಗೆ ಹಾಸಿ ಕೊಡುತ್ತಿದ್ದೆ. ಮೇಡಂ ಹತ್ತಿರವೂ ಹಾಗೇ ಮಾಡಿದೆ. ಮನೆಯಲ್ಲೂ ಅಷ್ಟೇ.

ಈಗ ನಿನಗೆ ಅರ್ಥವಾಗಿರಬೇಕು.

ಮೊದಲ ಕಂತಿನ ಇನ್ನೂರ ನಲವತ್ತು ಡಬ್ಬ ಅಂಚೆಗೆ ಹಾಕಿ ಕೈ ತೊಳೆದುಕೊಂಡ ಐದನೇ ದಿನ, ನಿವೃತ್ತ ಹೆಡ್‌ಮಾಸ್ಟರೊಬ್ಬರು ಬರೆದರು: "ಆಟ ಬಹಳ ಚೆನ್ನಾಗಿದೆಯಂತೆ, ನನ್ನ ಸೊಸೆ ಹೇಳಿದಳು. ನಾನಿನ್ನೂ ಡಬ್ಬ ತೆರೆಯುತ್ತಿದ್ದೇನೆ." ಅವರಿಗೆ ಎಡಗೈ ಆಡುವುದಿಲ್ಲ. ನಾನು ಬುದ್ಧಿವಂತನ ಹಾಗೆ, ಡಬ್ಬವನ್ನು ಬೋರಲು ಹಿಡಿದು ಅಲ್ಲಾಡಿಸಿ ಎಂದು ಉತ್ತರಿಸಿದೆ. ಮರುದಿನ ಬಂತು: "ತೆರೆಯಿತು. ಹತ್ತು ಅಂಗಡಿಯ ಗಿರಾಕಿಗಳೂ ಈಗ ಮಂಚದ ಕೆಳಗಿದ್ದಾರೆ. ಬಗ್ಗಲು ನನಗೆ ಅಪ್ಪಣೆಯಿಲ್ಲ." ಓದಿ ನಕ್ಕೆ. ನಗು ಅಂದೇ ಕೊನೆ. ಆ ವಾರ ಹನ್ನೊಂದು ದೂರು, ಮುಂದಿನ ವಾರ ಮೂವತ್ತೆಂಟು. ಒಬ್ಬಂಟಿಯಾಗಿರುವ ಹೆಂಗಸೊಬ್ಬರು ಹೀಗೆ ಬರೆದಿದ್ದರು: "ಸೋಮವಾರ ಬಂದ ಡಬ್ಬವನ್ನು ಗುರುವಾರ ನಲ್ಲಿ ರಿಪೇರಿಗೆ ಬಂದವರ ಕೈಲಿ ತೆಗೆಸಿದೆ. ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳುವುದು ತಪ್ಪಲಿ ಅಂತಲೇ ಇದನ್ನು ತರಿಸಿದ್ದು."

ಇದನ್ನು ಓದಿದ ಮೇಲೆ ಫೋನಿನ ಸದ್ದೇ ಬೇಡವಾಗಿದೆ. ಫೋನನ್ನು ರಟ್ಟಿನ ಅಟ್ಟಿಯ ಕೆಳಗಿಟ್ಟು ಕೆಲಸ ಮಾಡುತ್ತೇನೆ. ಹತ್ತು ನಿಮಿಷಕ್ಕೆ ತೆಗೆದು ನೋಡುತ್ತೇನೆ. ಏನೂ ಬಂದಿರದಿದ್ದರೆ ಇನ್ನೂ ಭಯ, ಎಲ್ಲರೂ ಸೇರಿ ಬೇರೆಲ್ಲೋ ಮಾತಾಡಿಕೊಳ್ಳುತ್ತಿದ್ದಾರೇನೋ ಅಂತ. ಕಳೆದ ವಾರ ಎರಡು ಸಲ ಅಳತೆ ತಪ್ಪಿ ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಬಲಗೈಯನ್ನು ಬೆನ್ನ ಹಿಂದೆ ಏಪ್ರನ್ನಿನ ದಾರಕ್ಕೆ ಕಟ್ಟಿಕೊಂಡು, ಎಡಗೈಯಲ್ಲಿ ತೆರೆಯಲು ನೋಡಿದೆ. ಮುಚ್ಚಳ ಎತ್ತಿದರೆ ಗಾಳಿ ಹೀರಿಕೊಂಡು ಡಬ್ಬವೂ ಜೊತೆಗೇ ಬರುತ್ತದೆ. ಮೇಜಿಗೆ ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲ. ಗಲ್ಲದಿಂದ ಒತ್ತಿದೆ, ಮೊಣಕಾಲ ಮಧ್ಯೆ ಹಿಡಿದೆ. ನಾಲ್ಕು ನಿಮಿಷಕ್ಕೆ ಡಬ್ಬ ನೆಲಕ್ಕೆ ಬಿತ್ತು. ಕಾರ್ಖಾನೆಯ ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನಪ್ಪಾ ಇದು, ಸರ್ಕಸ್ಸಾ?"

ಹೇಳಿದೆ. ಅವರು ಡಬ್ಬ ಎತ್ತಿ, ಮುಚ್ಚಳ ಹಾಕಿ, ಅದು ಇಳಿಯುವುದನ್ನೇ ನೋಡಿದರು. "ಎಂಥಾ ಕೆಲಸ ಮಾರಾಯಾ! ಇಷ್ಟು ವರ್ಷ ಬಿಗಿ ಮಾಡೋದು ಕಲಿತೆ. ಈಗ ಸಡಿಲ ಮಾಡೋದನ್ನ ಯಾರ ಹತ್ರ ಕಲೀತೀಯ?" ಅಂದರು. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಆದರೆ ಹೋಗುವಾಗ, "ರಟ್ಟು ಗೋದಾಮಿನಿಂದ ತಗೋ. ಲೆಕ್ಕ ಆಮೇಲೆ" ಅಂದರು.

ಹೊಸ ಮುಚ್ಚಳ ಡಬ್ಬದ ಮೂರನೇ ಒಂದು ಭಾಗವನ್ನಷ್ಟೇ ಮುಚ್ಚುತ್ತದೆ. ಎರಡು ಮಿಲಿಮೀಟರ್ ಸಡಿಲ, ಎರಡು ಬದಿಗೂ ಬೆರಳು ಹೋಗುವಷ್ಟು ಅರ್ಧಚಂದ್ರದ ಕತ್ತರಿಕೆ. ಡಬ್ಬದ ಅಡಿಗೆ ಹಾಸಲು ಜಾರದ ರಬ್ಬರ್ ಹಾಳೆ. ಕೈ ಬಿಟ್ಟರೆ ಧಪ್ಪನೆ ಬೀಳುತ್ತದೆ. ಆ ಸದ್ದನ್ನು ಸಹಿಸಿಕೊಂಡಿದ್ದೇನೆ. ಈವರೆಗೆ ತೊಂಬತ್ತು ಆಗಿದೆ. ಕಳಿಸುವ ಅಂಚೆ ಕವರನ್ನೂ ಈ ಸಲ ಒಂದೇ ಕೈಯಲ್ಲಿ ಹರಿದು ನೋಡಿದ್ದೇನೆ.

ಆದರೆ ಮುಚ್ಚಳದಿಂದ ಮುಗಿಯಲಿಲ್ಲ. ಎಂಟು ದಿನದ ಹಿಂದೆ ನಮ್ಮ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಒಬ್ಬರು ಕೇಳಿದ್ದಾರೆ: "ನಿಮ್ಮ ಹೆಂಡತಿ ನಿಜವಾಗಿಯೂ ಇದನ್ನು ಆಡುತ್ತಾರಾ? ಆಡುವವರಾಗಿದ್ದರೆ ಈ ಡಬ್ಬ ಹೀಗೆ ಇರುತ್ತಿರಲಿಲ್ಲ." ಅದರ ಕೆಳಗೆ ಇಪ್ಪತ್ತಾರು ಜನ "ನಮಗೂ ತಿಳಿಯಬೇಕು" ಎಂದಿದ್ದಾರೆ. ನೀನು ನೋಡಿಯೂ ನನಗೆ ಹೇಳದೆ ಇದ್ದೀಯೆಂದು ಅನುಮಾನ.

ಕಳ್ಳನೆಂದು ಕರೆಸಿಕೊಂಡರೂ ತಡೆದುಕೊಂಡೇನು, ಅಮ್ಮನನ್ನು ತೋರಿಸಿ ದುಡ್ಡೆತ್ತಿದ ಎಂದು ಯಾರಾದರೂ ಅಂದುಕೊಂಡರೆ ತಡೆಯಲಾರೆ. ಅದಕ್ಕೆ ಉತ್ತರ ಬರೆದಿದ್ದೇನೆ, ಈ ಕಾಗದದ ಜೊತೆಗಿದೆ. ಇದಿಷ್ಟೇ:

"ನನ್ನ ಹೆಂಡತಿ ದಿನವೂ ಆಡುವುದು ನಿಜ. ದಿನವೂ ಡಬ್ಬ ತೆರೆಯುತ್ತಿದ್ದವನು ನಾನು. ಅದೂ ಆಟದ ಒಂದು ಭಾಗ ಎಂದು ನನಗೆ ಹೊಳೆಯಲಿಲ್ಲ. ತಪ್ಪು ನನ್ನದು. ತಿಂಗಳ ಕೊನೆಯೊಳಗೆ ಎಲ್ಲರಿಗೂ ಹೊಸ ಮುಚ್ಚಳ ಬರುತ್ತದೆ. ಬೇಡವೆನ್ನುವವರಿಗೆ ಪೂರ್ತಿ ಹಣ ವಾಪಸು."

ಪುಟಕ್ಕೆ ಹಾಕುವುದು ನಿನ್ನ ಕೈಯಲ್ಲಿದೆ. ಒಂದು ಅಕ್ಷರವನ್ನೂ ನಯ ಮಾಡಬೇಡ. "ತಾಂತ್ರಿಕ ಕಾರಣಗಳಿಂದ" ಎಂದು ಮಾತ್ರ ದಯವಿಟ್ಟು ಸೇರಿಸಬೇಡ. ಪೇಪರಿನಲ್ಲಿ ಆ ಪದ ಕಂಡಾಗಲೆಲ್ಲ ಇಲ್ಲಿ ಯಾರೋ ಏನೋ ಮುಚ್ಚಿಟ್ಟಿದ್ದಾರೆ ಎಂದುಕೊಳ್ಳುವವನು ನಾನು.

ನಿನ್ನ ಗೆಳತಿಗೆ ಮೂರನೇ ಪಾಠ ಇದು: ಆಟವನ್ನು ಗೊತ್ತಿಲ್ಲದವರ ಮನೆ ಬಾಗಿಲಲ್ಲಿಟ್ಟು, ಕೈ ಕಟ್ಟಿ, ಬಾಯಿ ಮುಚ್ಚಿ ಕೂತು ನೋಡಬೇಕು. ಡಬ್ಬಕ್ಕೆ ಹಾಕಿದ ಟೇಪು ಕೀಳುವಲ್ಲಿಂದ ಹಿಡಿದು, ಎಲ್ಲ ಮಡಚಿ ಮತ್ತೆ ಒಳಗಿಡುವ ತನಕ. ಮೊದಲ ಎರಡು ಪಾಠ ಮರೆತರೂ ಪರವಾಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ನಿನಗೆ ಕೈಗೂಡಲಿ, ಕೈಗೂಡದ ದಿನ ಬೈಸಿಕೊಳ್ಳುವ ಧೈರ್ಯವೂ ಇರಲಿ ಎಂದು ಹರಸುವ,

ನಿನ್ನ ಅಪ್ಪ

ಇನ್ನೊಂದು ಮಾತು. ಇದನ್ನು ಗೆಳತಿಗೆ ಓದಿ ಹೇಳಬೇಡ. ನಿನ್ನೆ ಸಂಜೆ ಆ ಉತ್ತರವನ್ನು ಅಮ್ಮನಿಗೆ ಓದಿದೆ. "ನನಗೆ ಹೊಳೆಯಲಿಲ್ಲ" ಎಂಬಲ್ಲಿಗೆ ಬಂದಾಗ ಎಡಗೈ ಎತ್ತಿ ನಿಲ್ಲಿಸಿದಳು. "ಹೇಳಿದ್ದೆ" ಅಂದಳು. ಯಾವಾಗ ಎಂದು ಕೇಳುವಷ್ಟರಲ್ಲಿ ನನಗೇ ನೆನಪಾಯಿತು. ಮಾದರಿ ಡಬ್ಬವನ್ನು ಮನೆಗೆ ತಂದ ದಿನ ಅವಳು ಅದರ ಮೇಲೆ ಕೈಯಿಟ್ಟು "ಮುಚ್ಚಳ... ಮುಚ್ಚಳ ತುಂಬಾ..." ಎಂದಿದ್ದಳು. "ತುಂಬಾ ಚೆನ್ನಾಗಿ ಕೂತಿದೆ ಅಲ್ವಾ!" ಎಂದೆ ನಾನು. ಅವಳು ಅಲ್ಲ ಅಲ್ಲ ಎಂದು ತಲೆಯಾಡಿಸಿದಳು. ಸುಸ್ತಾಗಿದೆ ಎಂದುಕೊಂಡು ಮಲಗಿಸಿದೆ. ಆಮೇಲೆ ಅದೇ ಅಳತೆಗೆ ನಾನೂರ ಹನ್ನೆರಡಕ್ಕೂ ರಟ್ಟು ಕತ್ತರಿಸಿದೆ.

"ಮತ್ತೊಂದು ಸಲ ಯಾಕೆ ಹೇಳಲಿಲ್ಲ?" ಎಂದು ನಿನ್ನೆ ಕೇಳಿದೆ. ಅವಳು ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು. ನಾನು ಹಲ್ಲು ಕಚ್ಚಿ ಕಾದೆ.

"ನಾನು... ಶುರು ಮಾಡ್ತೀನಿ ರೀ. ನೀವು... ಮುಗಿಸಿಬಿಡ್ತೀರಿ."

ಎರಡು ವರ್ಷದಿಂದ, ಮಗಳೇ, ಅಮ್ಮ ಹೀಗಂದಳು ಹಾಗಂದಳು ಎಂದು ನಿನಗೆ ಹೇಳಿದ್ದರಲ್ಲಿ ಎಷ್ಟು ಅವಳದು, ಎಷ್ಟು ನನ್ನದು ಎಂದು ಈಗ ನನಗೆ ತಿಳಿಯುತ್ತಿಲ್ಲ. ಬುಧವಾರ ಸಂಜೆ ಆರಕ್ಕೆ ಅವಳಿಗೇ ಫೋನು ಮಾಡು. ಅವಳು ಮಾತು ಮುಗಿಸುವವರೆಗೆ ಎಷ್ಟು ಹೊತ್ತಾದರೂ ಕಾಯಿ. ನಾನು ಮನೆಯಲ್ಲಿರುವುದಿಲ್ಲ.