ಇಬ್ಬರು ಕಾಡೆಕ್

ಮಾರ್ಚ್ 16, ಬೆಳಿಗ್ಗೆ 9
ಮತ್ತೆ ಅದೇ. ನಮ್ಮ ಸೈಟ್ ಓಡಿಸುವ ಫ್ಲಾಸ್ಕ್ ಪ್ರೋಗ್ರಾಂ ಏಳುವ ಮೊದಲೇ ಬೀಳುತ್ತಿದೆ — ‘ಕಾಡೆಕ್’ ಹೆಸರಿನ ಬ್ಲೂಪ್ರಿಂಟ್ ಆಗಲೇ ನೋಂದಣಿಯಾಗಿದೆಯಂತೆ. ಅದು ನನ್ನದೇ ಹೆಸರಿಟ್ಟ, ಸೈಟಿನಲ್ಲಿ ನನ್ನ ಪುಟಗಳ ಗುಂಪು: ಗದ್ದೆಗಳ ನೀರಿನ ಸರದಿ. ನೋಂದಾಯಿಸುವ ಸಾಲು ಒಂದೇ ಇದೆ. ಮೂರು ಸಲ ನೋಡಿದೆ. ಫೈಲ್ ಎರಡು ಸಲ ಇಂಪೋರ್ಟ್ ಆಗುತ್ತಿರಬೇಕು.

ನೀರಗಂಟಿ ನೇತ್ರ ಮಾವ 20ಕ್ಕೆ ನೋಡಲು ಬರುತ್ತಾರೆ. “ಓಡಿದ್ರೆ ಸರಿ. ಇಲ್ಲಾಂದ್ರೆ ಸರದಿ ಬರೆಯೋಕೆ ನನ್ನ ಕರಿಹಲಗೇನೇ ಸಾಕು ಕಣಮ್ಮ.” ಒಂದು ವರ್ಷದ ಕೆಲಸ!

ಮಾರ್ಚ್ 18, ಮಧ್ಯಾಹ್ನ
ಇಂಪೋರ್ಟ್ ಎಲ್ಲ ಸರಿಯಾಗಿದೆ. ಸಿಟ್ಟಿಗೆ ನನ್ನ ಸಾಲನ್ನೇ ಅಳಿಸಿದೆ. ಎರರ್ ಹೋಯಿತು! ಜೊತೆಗೆ ನನ್ನ ಪುಟಗಳೂ ಹೋದವು... ಹಾಗಾದರೆ ಮೊದಲೇ ನೋಂದಣಿಯಾದದ್ದು ನನ್ನದಲ್ಲ. ಯಾರದು?

ಇದೇ ಸೈಟಿನ ರೈತರ ಪಟ್ಟಿಯ ಪುಟಗಳನ್ನು ಬರೆದದ್ದು ಪಕ್ಕದ ಮನೆಯ ಸುಕೆರ್ತ ಅಣ್ಣ. ಕೇಳಲು ಹೋದೆ. ಇವತ್ತು ರಾತ್ರಿಯ ಮೆರವಣಿಗೆಯ ಕಾಗದದ ಭೂತಕ್ಕೆ ಕೋರೆಹಲ್ಲು ಅಂಟಿಸುತ್ತಿದ್ದ.
“ನಂದು ಓಡ್ತಿದೆ ಮಾರಾಯ್ತಿ, ಮುಟ್ಟಬೇಡ.”
“ನಿನ್ನ ಭೂತಾನೂ ನಿನ್ನ ಹಾಗೇ. ಬರೀ ಹಲ್ಲು.”

ಮಾರ್ಚ್ 19, ನ್ಯೆಪಿ, ಬೆಳಿಗ್ಗೆ 11
ವರ್ಷಕ್ಕೊಮ್ಮೆ ಬರುವ ಮೌನದ ದಿನ. ಬೆಂಕಿ ಇಲ್ಲ, ಕೆಲಸ ಇಲ್ಲ, ಹೊಸ್ತಿಲು ದಾಟುವಂತಿಲ್ಲ. ಇಡೀ ಬಾಲಿಗೇ ಇಂಟರ್ನೆಟ್ ಇಲ್ಲ. ಲ್ಯಾಪ್‌ಟಾಪ್ ಬೀರುವಿನಲ್ಲಿ.

ಅಜ್ಜಿ ಮೆಲ್ಲಗೆ ಕರೆದಳು, “ಕಾಡೆಕ್...” ನಾನು ಓ ಎಂದೆ. ಚಿಕ್ಕಪ್ಪನ ಮಗಳೂ ಓ ಎಂದಳು.
“ಇಬ್ಬರೂ ಯಾಕ್ರೇ ಓಡಿ ಬಂದ್ರಿ? ಒಂದು ಲೋಟ ನೀರು ಕೇಳೋಣ ಅಂತಿದ್ದೆ.”

ಲೋಟ ಹಿಡಿದು ನಿಂತೇಬಿಟ್ಟೆ. ಎರಡನೆಯವರಾಗಿ ಹುಟ್ಟಿದವರೆಲ್ಲ ಮನೆಯಲ್ಲಿ ಕಾಡೆಕ್. ಸುಕೆರ್ತನೂ ಎರಡನೆಯವನು! ಬ್ಲೂಪ್ರಿಂಟ್‌ಗೆ ಅವರವರ ಹೆಸರೇ ಇಡೋಣ ಎಂದವಳು ನಾನೇ. ಅವನು ಫೈಲಿಗೆ ಸುಕೆರ್ತ ಎಂದು ಹೆಸರಿಟ್ಟಿದ್ದಾನೆ, ಅದಕ್ಕೇ ನಾನು ಒಳಗೆ ನೋಡಲಿಲ್ಲ. ಒಳಗೆ ಮನೆಯ ಹೆಸರು ಬರೆದಿರುತ್ತಾನೆ. ನನ್ನ ಹಾಗೇ.

ಅವನಿಗೆ ಹೇಳುವಂತಿಲ್ಲ, ಕೂಗುವಂತಿಲ್ಲ. ನಾಳೆ ಬೆಳಿಗ್ಗೆ ಆರರವರೆಗೆ ಏನನ್ನೂ ಮುಟ್ಟುವಂತಿಲ್ಲ. ಯೋಚಿಸುವುದೂ ಕೆಲಸವೇ? ಇದನ್ನು ಬರೆಯುವುದು?

ಮಾರ್ಚ್ 20, 6:14
ಹೌದು, ಅದೇ! ಬ್ಲೂಪ್ರಿಂಟ್‌ಗಳ ಹೆಸರು ಬದಲಿಸಿದೆ: ಅವನದು ‘ರೈತರು’, ನನ್ನದು ‘ಸರದಿ’. ಹಳೆಯ ಹೆಸರಿದ್ದ ಲಿಂಕುಗಳನ್ನೂ ತಿದ್ದಿದೆ. ಎದ್ದಿತು! ಎಲ್ಲ ಪುಟಗಳೂ!

7:30
ನೇತ್ರ ಮಾವ ಬಂದರು. ನಿನ್ನೆ ಹಲಗೆಯ ಬಳಿ ಯಾರೂ ಹೋಗಿಲ್ಲ, ಅದರಲ್ಲಿ ಇನ್ನೂ ಮೊನ್ನೆಯ ತಾರೀಖು. ಫೋನನ್ನು ದೂರ ಹಿಡಿದು ಓದಿದರು.
“ಏಳಕ್ಕೆ ನೀರು ನನ್ನ ಗದ್ದೆಗೆ ಅಂತಿದೆ.”
“ಹೌದು ಮಾವ.”
“ಈಗ ಏಳೂ ಇಪ್ಪತ್ತು! ಕೂರಿಸಿ ಕಾಫಿ ಕೊಡ್ತೀಯಲ್ಲೇ!”
ಕಾಫಿ ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದರು. ಗೇಟಿನಿಂದ ಕೂಗು: “ಸಂಜೆಯೊಳಗೆ ಎಲ್ಲರ ಫೋನಿಗೂ ಹಾಕು!”

ಎಲ್ಲರ ಫೋನಿಗೂ! ಸುಕೆರ್ತ ಅಣ್ಣನನ್ನು ಎಬ್ಬಿಸಬೇಕು, ಮುಟ್ಟಬೇಡ ಎಂದದ್ದನ್ನು ನಾನು ಮುಟ್ಟಿದ್ದು ಅವನಿಗೆ ಇನ್ನೂ—