ತನ್ನ ತಳದ ಮೇಲೆ ನಿಂತ ತೊಟ್ಟಿ

೧೪ ನವೆಂಬರ್ ೧೮೮೭, ಸೋಮವಾರ. ಬರ್ಟನ್

ಮೈದುನ ಎನೋಕನ ಮಾತು ಇನ್ನೂ ತಲೆ ಕೊರೆಯುತ್ತಿದೆ. ನನ್ನ ಗಂಡ ಸತ್ತ ಮೇಲೆ ಈ ಪೀಪಾಯಿ ಅಂಗಡಿ ಅವನಿಗೆ ಬೇಕಂತೆ. "ಪ್ರತಿ ತೊಟ್ಟಿಯೂ ತನ್ನ ತಳದ ಮೇಲೇ ನಿಲ್ಬೇಕು ಅತ್ತಿಗೆ. ನಿನ್ನ ತಳ ಎಲ್ಲಿದೆ?" ಎಂದು ಆಳುಗಳೆದುರೇ ನಕ್ಕ.

ಅವರವರ ಪಾಪಕ್ಕೆ ಅವರವರೇ ಹೊಣೆ ಎನ್ನಲು ಪಾದ್ರಿಗಳು ತಲೆತಲಾಂತರದಿಂದ ಬಳಸುವ ಗಾದೆ ಅದು. ಹುಟ್ಟಿದ್ದು ಮಾತ್ರ ನಮ್ಮಂಥ ತೊಟ್ಟಿ ಕಟ್ಟುವವರ ಬಾಯಲ್ಲೇ ಇರಬೇಕು.

ನಾನೇ ಕಟ್ಟಿದ ಮರದ ತೊಟ್ಟಿಗೆ ಕುದಿನೀರು ಸುರಿದು ಅವನ ಬೂಟಿನ ಪಕ್ಕ ಇಟ್ಟೆ. "ಸೋರಿದ್ರೆ ಹೇಳು" ಎಂದೆ. ಒಂದು ಗಂಟೆ ಕಾದ. ಹನಿಯೂ ಸೋರಲಿಲ್ಲ.

"ತೊಟ್ಟಿಗೆ ಒತ್ತೋ ಮುದ್ರೆ ಅಣ್ಣನ ಹೆಸರಿಂದೇ ತಾನೆ?" ಎಂದ.

ಗಂಡನ ಹೆಸರಿನ ಕಬ್ಬಿಣದ ಮುದ್ರೆಯನ್ನು ಅವನ ಕೈಗಿಟ್ಟೆ. 'ಹೆಸ್ಟರ್' ಎಂದು ನನ್ನ ಹೆಸರಲ್ಲೇ ನಾನು ಮಾಡಿಸಿದ ಮುದ್ರೆ ಒಲೆಯಲ್ಲಿ ಆಗಲೇ ಕೆಂಪಗೆ ಕಾದಿತ್ತು. ತೊಟ್ಟಿಯ ಮೈಗೆ ಒತ್ತಿದೆ.

ಬೆರಳಿಗೆ ಬೊಬ್ಬೆ ಬಂದಿದೆ, ಇನ್ನು ಬರೆಯಲಾರೆ. ಇರಲಿ, ಹೆಸರಂತೂ ಬರೆದಾಗಿದೆ.