ಬಿಟ್ಟುಕೊಡಲು ಕಲಿತ ಯಂತ್ರ

ಮನೆಯಿಂದ,
ಭಾನುವಾರ, ಮಧ್ಯಾಹ್ನ

ನಮ್ಮ ದೊರೆಗೆ ಅಕ್ಕನ ಪ್ರೀತಿ.

ಭುಜದ ನೋವು ಹೇಗಿದೆ? ಕ್ರೇನಿನ ಗಾಜಿನ ಗೂಡಿನಲ್ಲಿ ದಿನವಿಡೀ ಕತ್ತು ಬಗ್ಗಿಸಿಕೊಂಡು ಕೂತರೆ ನೋವು ಬಾರದೆ ಇನ್ನೇನು ಬರುತ್ತದೆ! ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ‘ತಾನಾಗೇ ಹೋಗುತ್ತೆ ಬಿಡು’ ಎಂದು ಅದನ್ನೂ ಮುಂದಕ್ಕೆ ತಳ್ಳುತ್ತಿದ್ದೀಯೋ? ನಿನ್ನ ಹೆಂಡತಿಯನ್ನು ಕೇಳಿ ತಿಳಿಯೋಣವೆಂದರೆ ಅವಳು ಯಾವಾಗಲೂ ನಿನ್ನ ಪಕ್ಷ. ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಆಪರೇಷನ್ ಆದ ಮೇಲೆ ಈ ಮನೆಯ ಮೂಲೆಮೂಲೆಯ ಧೂಳೂ ಅವಳಿಗೆ ಕಾಣತೊಡಗಿದೆ. ನೆಮ್ಮದಿ ಕೆಟ್ಟಿರುವುದು ನನ್ನದು. ನಿನ್ನ ಭಾವ ಲಿಫ್ಟ್ ರಿಪೇರಿ ಕೆಲಸದ ಮೇಲೆ ಈ ಸಂಜೆಯ ರೈಲಿಗೆ ನಿಮ್ಮೂರಿನ ಕಡೆಗೇ ಹೊರಟಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ ನೀನು ನಗಲು ಶುರುಮಾಡುತ್ತೀಯ, ಅಮ್ಮ ಪಕ್ಕದಲ್ಲೇ ಕಿವಿ ನಿಮಿರಿಸಿ ಕೂತಿರುತ್ತಾಳೆ, ನಾನು ಅರ್ಧ ಹೇಳಿ ಅರ್ಧ ನುಂಗಿಬಿಡುತ್ತೇನೆ. ಹಾಗಾಗಿ ಪೆನ್ನು ಹಿಡಿದಿದ್ದೇನೆ. ಉದ್ದವಾಯಿತೆಂದು ಗೊಣಗದೆ ಕೊನೆಯವರೆಗೂ ಓದು.

ನನ್ನ ಕೆಲಸದ ಬಗ್ಗೆ ನೀನು ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ: ‘ಆಟ ಆಡೋಕೂ ಸಂಬಳ ಕೊಡ್ತಾರೇನಕ್ಕಾ?’ ಕೊಡುತ್ತಾರಪ್ಪ. ಆಡುವುದು ನಾವಲ್ಲ, ನಾವು ಬರೆದ ಪ್ರೋಗ್ರಾಂ. ಕೆಲವು ಆಟಗಳಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ, ಚದುರಂಗದ ಹಾಗೆ. ಇನ್ನು ಕೆಲವು ಇಸ್ಪೀಟಿನ ಹಾಗೆ. ಎದುರಿನವನ ಕೈಯಲ್ಲಿ ಏನಿದೆಯೋ ಕಾಣುವುದಿಲ್ಲ, ಆದರೂ ತೀರ್ಮಾನ ತೆಗೆದುಕೊಳ್ಳಲೇಬೇಕು. ಮನುಷ್ಯರ ವ್ಯವಹಾರವೆಲ್ಲ ಈ ಎರಡನೆಯ ಬಗೆಯದು, ಅದಕ್ಕೇ ನಮಗೆ ಇದರ ಮೇಲೆ ಕಣ್ಣು. ನಾನೂ ನನ್ನ ಗೆಳತಿಯೂ (ಆ ಗಣಿತದವಳು, ನಮ್ಮ ಮನೆಗೆ ಬಂದಾಗ ನಿನ್ನ ಮಗಳಿಗೆ ಗಾಳಿಪಟ ಮಾಡಿಕೊಟ್ಟವಳು) ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ಮಾಡಿದ್ದು ಒಂದು ಚೌಕಾಸಿಯ ಆಟ. ಮೇಜಿನ ಮೇಲೆ ಕೆಲವು ಪುಸ್ತಕ, ಕೆಲವು ಚೆಂಡು, ಒಂದು ಟೋಪಿ. ಇಬ್ಬರು ಮಾತಾಡಿ ಹಂಚಿಕೊಳ್ಳಬೇಕು. ಯಾವ ವಸ್ತುವಿಗೆ ಎಷ್ಟು ಅಂಕ ಎಂದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಗುಟ್ಟಿನಲ್ಲಿ ಹೇಳಿರುತ್ತೇವೆ. ನಿನಗೆ ಚೆಂಡು ಮುಖ್ಯ, ನನಗೆ ಪುಸ್ತಕ ಮುಖ್ಯ ಎಂದಾದರೆ ಇಬ್ಬರೂ ಗೆದ್ದು ಏಳಬಹುದು. ಪ್ರೋಗ್ರಾಂ ತನ್ನ ಜೊತೆ ತಾನೇ ಲೆಕ್ಕವಿಲ್ಲದಷ್ಟು ಸಲ ಆಡುತ್ತದೆ. ಪ್ರತಿ ಆಟದ ಕೊನೆಗೆ, ಹೀಗೆ ಮಾಡುವ ಬದಲು ಹಾಗೆ ಮಾಡಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತು ಎಂದು ಹಿಂತಿರುಗಿ ನೋಡಿ, ಮುಂದಿನ ಸಲ ಚಾಳಿ ತಿದ್ದಿಕೊಳ್ಳುತ್ತದೆ. ಇದಕ್ಕೆ ನಮ್ಮವರು ಇಟ್ಟಿರುವ ಹೆಸರು ಪಶ್ಚಾತ್ತಾಪ. ನಮ್ಮ ನಿಮ್ಮ ಪಶ್ಚಾತ್ತಾಪದಲ್ಲಿ ನಿದ್ದೆ ಕೆಡುತ್ತದೆ; ಅದರದ್ದು ಬರೀ ಒಂದು ಸಂಖ್ಯೆ.

ಮನುಷ್ಯರ ಜೊತೆ ಆಡಿಸಿ ನೋಡುವ ಹಂತ ಬಂದಾಗ ಹೊರಗಿನವರು ಬೇಕಾಗಿದ್ದರು. ಅಮ್ಮ ತಾನೂ ಬರುತ್ತೇನೆ ಎಂದಳು. ಮದುವೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು, ಹೊಸ ಕನ್ನಡಕ ಹಾಕಿಕೊಂಡು ಬಂದು ಪರದೆಯ ಮುಂದೆ ಕೂತಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಎರಡೂ ಕಡೆಯ ಗುಟ್ಟನ್ನು ನೋಡುತ್ತಿದ್ದೆ. ಅಮ್ಮನಿಗೆ ಚೆಂಡುಗಳಲ್ಲೇ ಹೆಚ್ಚು ಅಂಕ, ಟೋಪಿಗೆ ಇದ್ದದ್ದು ಚೂರುಪಾರು. ಪ್ರೋಗ್ರಾಮಿಗೆ ಟೋಪಿಯಿಂದ ಸೊನ್ನೆ. ಆದರೆ ಅದು ಮೊದಲ ಮಾತಿಗೇ ಟೋಪಿ ಹಿಡಿದು ಕೂತಿತು. ‘ಟೋಪಿ ಒಂದನ್ನು ಬಿಟ್ಟು ಬೇರೆ ಏನನ್ನಾದರೂ ಕೇಳಿ’ ಎಂದಿತು. ಅಮ್ಮ ಕೇಳಿದಂತೆಲ್ಲ ಇನ್ನಷ್ಟು ಹಟ ಮಾಡಿತು. ಕೊನೆಗೆ, ತುಂಬ ಹೊತ್ತು ಯೋಚಿಸಿದವರ ಹಾಗೆ ತಡೆದು, ‘ಸರಿ, ನಿಮಗೋಸ್ಕರ ಟೋಪಿ ಬಿಟ್ಟುಕೊಡುತ್ತೇನೆ. ಚೆಂಡುಗಳನ್ನಾದರೂ ನನಗೆ ಬಿಡುವಿರಾ?’ ಎಂದಿತು. ಅಮ್ಮ ಚೆಂಡುಗಳನ್ನು ಕೊಟ್ಟಳು, ಪುಸ್ತಕಗಳನ್ನೂ ಕೊಟ್ಟಳು, ಮೇಲೆ ಥ್ಯಾಂಕ್ಸ್ ಎಂದು ಟೈಪ್ ಮಾಡಿದಳು. ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು ನೀನು. ‘ಪಾಪ ಕಣೇ, ಎಷ್ಟು ಆಸೆ ಇತ್ತು ಅದಕ್ಕೆ ಆ ಟೋಪಿ ಮೇಲೆ! ನನಗೋಸ್ಕರ ಬಿಟ್ಟುಕೊಡ್ತು’ ಎಂದಳು. ಅಂದು ಆಡಿದವರಲ್ಲೆಲ್ಲ ತೀರ ಕಡಿಮೆ ಅಂಕ ಅವಳದೇ.

ಅಮ್ಮ ಟೋಪಿ ಹಾಕಿಸಿಕೊಂಡು ಬಂದಳು ಎಂದು ನೀನು ನಗುತ್ತಿರಬಹುದು. ನಾನೂ ನಕ್ಕೆ. ಗೆಳತಿಯಂತೂ ಚಪ್ಪಾಳೆ ತಟ್ಟಿದಳು. ಯಾಕೆಂದರೆ ಈ ಉಪಾಯವನ್ನು ನಾವು ಯಾರೂ ಅದಕ್ಕೆ ಕಲಿಸಿರಲಿಲ್ಲ. ಅಂಕ ಹೆಚ್ಚಿಸಿಕೊ ಎಂದಷ್ಟೇ ಹೇಳಿದ್ದೆವು. ಬೇಡದ್ದನ್ನು ಬೇಕು ಎನ್ನುವುದು, ಆಮೇಲೆ ಅದನ್ನೇ ತ್ಯಾಗ ಮಾಡಿದಂತೆ ತೋರಿಸಿ ಬೇಕಾದ್ದನ್ನು ಕಿತ್ತುಕೊಳ್ಳುವುದು, ಎಲ್ಲವನ್ನೂ ಅದೇ ಹುಡುಕಿಕೊಂಡಿತ್ತು. ನನ್ನ ನಗು ನಿಂತದ್ದು ಆ ವಾರದ ಕೊನೆಗೆ. ಆಡಿದವರಿಗೆಲ್ಲ ನಾವು ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ: ಎದುರಿನವರು ನಿಮ್ಮೊಡನೆ ನ್ಯಾಯವಾಗಿ ನಡೆದುಕೊಂಡರೇ? ಉತ್ತರಗಳನ್ನು ಅಂಕಗಳ ಪಕ್ಕದಲ್ಲಿಟ್ಟು ನೋಡಿದೆ. ಹೆಚ್ಚು ಕಳೆದುಕೊಂಡವರೇ ಹೆಚ್ಚು ಹೊಗಳಿದ್ದರು. ಸೋತವರು ಸಿಟ್ಟಾಗುವುದು ಗೊತ್ತು, ಮುಖ ಊದಿಸಿಕೊಳ್ಳುವುದು ಗೊತ್ತು. ಸೋತವರು ಕೃತಜ್ಞರಾಗಿ ಎದ್ದು ಹೋಗುವುದನ್ನು ನಾನು ಹಿಂದೆ ಕಂಡಿರಲಿಲ್ಲ. ಗೆಳತಿಗೆ ತೋರಿಸಿದೆ. ‘ಅಂಗಡಿಯವರು ಮಾಡಲ್ವಾ ಇದನ್ನ? ಮನೆ ಮಾರೋರು ಮಾಡಲ್ವಾ? ಜನ ಮಾಡೋದನ್ನೇ ಇದೂ ಮಾಡ್ತು, ಅಷ್ಟೇ’ ಎಂದಳು. ಮಾಡುತ್ತಾರೆ, ನಿಜ. ಆದರೆ ಅಂಗಡಿಯವನ ಮುಖ ನಮಗೆ ಕಾಣುತ್ತದೆ, ಅವನ ಮಾತು ಎಲ್ಲಿ ಜಾರಿತೆಂದು ತಿಳಿಯುತ್ತದೆ, ನಾಳೆ ಅವನ ಅಂಗಡಿಗೆ ಕಾಲಿಡದೆ ಇರಬಹುದು. ಇದಕ್ಕೆ ಮುಖ ಎಲ್ಲಿದೆ? ಹೀಗೆಲ್ಲ ಹೇಳಿದೆ. ಅವಳು ತನ್ನ ಪರದೆಯ ಕಡೆ ತಿರುಗಿಕೊಂಡಳು.

ಇದಾಗಿ ಸ್ವಲ್ಪ ದಿನಕ್ಕೆ ನಮ್ಮ ಮುಖ್ಯಸ್ಥರು ಸಭೆ ಕರೆದರು. ನೀನು ಒಮ್ಮೆ ನೋಡಿ ‘ಇಸ್ತ್ರಿ’ ಎಂದು ಹೆಸರಿಟ್ಟೆಯಲ್ಲ, ಅವರೇ. ಶರ್ಟಿನ ಮೇಲೂ ಮುಖದ ಮೇಲೂ ಒಂದು ಸುಕ್ಕಿಲ್ಲ. ಒಂದು ಕಂಪನಿಯವರು ಬಂದಿದ್ದರು. ಯಾವ ಕಂಪನಿ ಎಂದು ಹೊರಗೆ ಹೇಳುವಂತಿಲ್ಲ, ನಾವೆಲ್ಲ ಸಹಿ ಹಾಕಿ ಕೊಟ್ಟಿದ್ದೇವೆ. ತಮ್ಮ ಕೆಲಸಗಾರರ ಜೊತೆ ನಡೆಯಲಿರುವ ಮಾತುಕತೆಗೆ ಅವರಿಗೆ ನಮ್ಮ ಪ್ರೋಗ್ರಾಂ ಬೇಕಂತೆ. ಯಾವುದನ್ನು ಮೊದಲು ಕೇಳಬೇಕು, ಎಷ್ಟು ಹಟ ಮಾಡಬೇಕು, ಯಾವಾಗ ಸಡಿಲ ಬಿಡಬೇಕು ಎಂದು ಅದು ಹೇಳುತ್ತಾ ಹೋಗುವುದು, ಮೇಜಿಗೆ ಕೂತವರು ಹಾಗೇ ಮಾಡುತ್ತಾ ಹೋಗುವುದು. ಬಂದವರಲ್ಲಿ ಒಬ್ಬರು ಬಹಳ ಸಭ್ಯ ಮನುಷ್ಯ. ನನಗೆ ತಾವೇ ಕುರ್ಚಿ ಎಳೆದುಕೊಟ್ಟರು. ‘ನಮ್ಮ ಕೆಲಸದವರೂ ಖುಷಿಯಾಗಿ ಎದ್ದು ಹೋಗ್ಬೇಕು ಮೇಡಂ, ನಮಗೆ ಬೇಕಾಗಿರೋದೂ ಅದೇ’ ಎಂದರು. ನನಗೆ ಅಮ್ಮನ ಮುಖ ಕಣ್ಣಿಗೆ ಕಟ್ಟಿತು. ನಾನು ಕೇಳಿದ್ದು ಒಂದೇ: ಎದುರು ಕೂತವರಿಗೆ ಈ ಕಡೆ ಇಂಥದೊಂದು ಪ್ರೋಗ್ರಾಂ ಇದೆ, ಅದಕ್ಕೆ ಇಂಥ ಚಾಳಿ ಇದೆ ಎಂದು ಮೊದಲೇ ತಿಳಿಸಿ. ಆಮೇಲೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಮುಖ್ಯಸ್ಥರು ನಕ್ಕರು. ‘ಸಲಹೆ ಕೊಡೋದಷ್ಟೇ ಅದು, ಮಾತಾಡೋದು ಮನುಷ್ಯರೇ. ವಕೀಲರ ಸಲಹೆ ತಗೊಂಡ್ರೆ ಹೇಳ್ತಾರಾ?’ ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಗೆಳತಿಯ ಕಡೆ ನೋಡಿದೆ. ಅಂಕಗಳ ಪಕ್ಕ ಉತ್ತರಗಳನ್ನಿಟ್ಟಿದ್ದ ಆ ಕೋಷ್ಟಕವನ್ನು ಅವಳೂ ನೋಡಿದ್ದಳು. ಒಂದು ಮಾತು ಆಡಬಹುದಿತ್ತು. ಅವಳು ನೀರಿನ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದಳು.

ಮನೆಗೆ ಬಂದು ಅಮ್ಮನಿಗೆ ನಿಜ ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಟೋಪಿಯ ಮೇಲೆ ಅದಕ್ಕೆ ಆಸೆಯೇ ಇರಲಿಲ್ಲಮ್ಮ, ಅದರ ಲೆಕ್ಕದಲ್ಲಿ ಟೋಪಿ ಸೊನ್ನೆ ಎಂದೆ. ಅವಳು ಮೊದಲು ನಂಬಲಿಲ್ಲ, ‘ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು’ ಎಂದು ಬೈದು ಒಳಗೆ ಹೋದಳು. ಎರಡು ಮೂರು ದಿನದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಮಡಿಸುತ್ತಾ, ನನ್ನ ಕಡೆ ನೋಡದೆ, ‘ನಾನು ಅದಕ್ಕೆ ಥ್ಯಾಂಕ್ಸ್ ಹೇಳಿದೆನಲ್ಲೇ’ ಎಂದಳು. ಅಷ್ಟೇ. ಅಪ್ಪ ಹೋದ ಮೇಲೆ ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ ಕಣೋ.

ಮರುದಿನ ಮುಖ್ಯಸ್ಥರ ಕೋಣೆಗೆ ಹೋಗಿ, ಈ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ ಎಂದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಬಹಳ ಮರ್ಯಾದೆಯಿಂದ ‘ನಿಮ್ಮಿಷ್ಟ’ ಎಂದರು. ಸಂಜೆಯೊಳಗೆ ನನ್ನ ಕಂಪ್ಯೂಟರು, ಕುರ್ಚಿ, ಒಣಗಿದ ಹೂಕುಂಡ ಎಲ್ಲವೂ ಮೊಗಸಾಲೆಯ ತುದಿಯ ಕೋಣೆಗೆ ಹೋಗಿದ್ದವು. ಈಗ ನನ್ನದು ಗೋದಾಮಿನಲ್ಲಿ ತಾವಾಗೇ ಓಡುವ ಗಾಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ದಾರಿ ಬಿಡುವ ಲೆಕ್ಕ. ಒಳ್ಳೆಯ ಕೆಲಸವೇ, ಯಾರಿಗೂ ಕೇಡಿಲ್ಲ. ಆದರೆ ನಾನಿಲ್ಲದೆಯೂ ಆ ಪ್ರೋಗ್ರಾಂ ಸಿದ್ಧವಾಯಿತು, ಕಂಪನಿಯವರು ತೆಗೆದುಕೊಂಡೂ ಹೋದರು. ಅದರ ಅರ್ಧ ಭಾಗ ನಾನು ಬರೆದದ್ದು. ನಾನು ಎದ್ದು ಬಂದೆನೆಂದು ಅದೇನು ನನ್ನ ಹಿಂದೆ ಎದ್ದು ಬರಲಿಲ್ಲ. ಗೆಳತಿ ಎದುರು ಸಿಕ್ಕರೆ ಕೈಯಲ್ಲಿನ ಹಾಳೆ ಓದುತ್ತಾ ದಾಟಿಹೋಗುತ್ತಾಳೆ. ಅವಳು ಕೆಟ್ಟವಳಲ್ಲ. ಅದೇ ನನಗೆ ಹೆಚ್ಚು ಸಂಕಟ. ಚಹಾ ಕುಡಿಯುವಾಗ ಈಗಲೂ ಎರಡು ಲೋಟ ತೆಗೆದು, ಒಂದನ್ನು ವಾಪಸು ಇಡುತ್ತೇನೆ. ನಿನ್ನ ಭಾವ ‘ನೀನು ಮಾಡಬೇಕಾದ್ದು ಮಾಡಿದೀಯ, ಬಿಡು’ ಎನ್ನುತ್ತಾರೆ. ಮಾಡಬೇಕಾದ್ದು ಮಾಡಿದವಳಿಗೆ ಊಟ ಯಾಕೆ ಇಳಿಯುವುದಿಲ್ಲ, ಹೇಳು.

ಮಂಗಳವಾರ ನಿಮ್ಮ ಮಾತುಕತೆಯಂತೆ. ಕೆಲಸಗಾರರೆಲ್ಲರ ಪರವಾಗಿ ನೀನೇ ಕೂರುತ್ತೀಯ ಎಂದು ಅಮ್ಮ ಪಕ್ಕದ ಮನೆಯವರಿಗೆಲ್ಲ ಸಾರಿ ಬಂದಿದ್ದಾಳೆ. ಹೊಟ್ಟೆ ತುಂಬ ಉಂಡು ಹೋಗು. ಹಸಿದರೆ ನಿನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಬೇಗ ಮುಗಿಸಿ ಏಳಬೇಕು ಅನಿಸುತ್ತದೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗಳಿಗೆ ಅತ್ತೆಯ ಎರಡು ಮುತ್ತು. ನಿನಗೆ ಆಯಸ್ಸು, ಆರೋಗ್ಯ ಇರಲಿ, ಆ ಎತ್ತರದ ಗೂಡಿನಿಂದ ದಿನವೂ ಸುಖವಾಗಿ ಕೆಳಗಿಳಿದು ಮನೆ ಸೇರುವಂತಾಗಲಿ.

ನಿನ್ನ,
ಅಕ್ಕ

ಮರೆತ ಮಾತು: ನಿನ್ನ ಭಾವ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಕ್ಷರ ಕಾಗೆ ಕಾಲಾದರೆ ಬೈಯಬೇಡ. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ಎಳೆದೆ. ಆ ಕಂಪನಿ ನಿಮ್ಮದೇ. ಶುಕ್ರವಾರ ನೀನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದು ನನಗೂ ಕೇಳಿಸಿತು. ಭಾನುವಾರದ ರಜೆ ಕತ್ತರಿಸಿಯೇ ತೀರುತ್ತೇವೆ ಎಂದು ಕಂಪನಿಯವರು ಹಟ ಹಿಡಿದಿದ್ದಾರೆ ಎಂದು ನೀನು ಹೇಳಿದೆ. ಬೇರೇನಿಲ್ಲವಾ ಎಂದು ಅಮ್ಮ ಕೇಳಿದ್ದಕ್ಕೆ, ‘ಇನ್ನೆಲ್ಲಾ ಸಣ್ಣಪುಟ್ಟದ್ದಮ್ಮ. ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡೋರನ್ನ ಬೇರೆ ಕಡೆ ಹಾಕಿ ಕ್ಯಾಮೆರಾ ಇಡ್ತಾರಂತೆ, ಅದರ ಮಾತೇ ಯಾರೂ ಎತ್ತುತ್ತಿಲ್ಲ’ ಎಂದೆ ನೀನು. ಕಂಪನಿಯವರು ಯಾವುದಕ್ಕೆ ಎಷ್ಟು ಅಂಕ ಇಟ್ಟಿದ್ದಾರೋ ನನಗೆ ಗೊತ್ತಿಲ್ಲ. ಅವರಿಗೆ ನಿಜವಾಗಿಯೂ ಭಾನುವಾರವೇ ಬೇಕಿರಬಹುದು, ನನ್ನದು ಬರೀ ಭಯ ಇರಬಹುದು. ಆದರೆ ಮಂಗಳವಾರ ಅವರು ನಿಟ್ಟುಸಿರು ಬಿಟ್ಟು ಭಾನುವಾರವನ್ನು ನಿಮಗೇ ಬಿಟ್ಟುಕೊಟ್ಟರೆ ಕೈ ಕುಲುಕಬೇಡ, ಕುರ್ಚಿಯಿಂದ ಏಳಬೇಡ. ಮೊದಲು ಕೆಳಗೆ ನಿಲ್ಲುವವರ ವಿಷಯ ಕೇಳು. ಮೇಲಿನಿಂದ ಸರಕಿನ ದೊಡ್ಡ ಪೆಟ್ಟಿಗೆಯ ಹಿಂದೆ ನಿಂತವನು ಕಾಣುವುದಿಲ್ಲ, ಬರೀ ಪರದೆ ನಂಬಿ ಇಳಿಸೋಕೆ ನನಗೆ ಕೈ ಬರಲ್ಲ ಎಂದು ಹೇಳಿದವನು ನೀನೇ. ಈ ಕಾಗದವನ್ನು ನಿನ್ನ ಜೊತೆಯವರೆಲ್ಲರಿಗೂ ಓದಿ ಹೇಳು, ಮೇಜಿನ ಮೇಲೂ ಇಡು. ಯಾರು ಹೇಳಿದ್ದು ಎಂದು ಅವರು ಕೇಳಿಯೇ ಕೇಳುತ್ತಾರೆ. ನನ್ನ ಕೆಲಸ ಹೋಗುತ್ತದೆಂದು ಸುಳ್ಳು ಹೇಳಲು ಹೋಗಬೇಡ. ನಮ್ಮಕ್ಕ ಅನ್ನು.